ಬಾತೋ, ಗೊರವವೋ? ಜೌಗಿನಲ್ಲಿ ಹಕ್ಕಿಗಳು ಮೇಯುವುದನ್ನು ನೋಡುವವರಿಗೆ ಆಯ್ಕೆಯ ಮಾರ್ಗದರ್ಶಿ

ಜೌಗುಭೂಮಿಯ ಹಕ್ಕಿಗಳನ್ನು ನೋಡಬೇಕೆಂದುಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಬೈನಾಕ್ಯುಲರ್ ಕೊಳ್ಳಬೇಕು ಎಂದು. ನನ್ನ ಲೆಕ್ಕದಲ್ಲಿ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಕಂಡ ಹಕ್ಕಿಗಳ ಹೆಸರು ಬರೆದುಕೊಳ್ಳುವುದಷ್ಟೇ ಉದ್ದೇಶವಾದರೆ ಎಲ್ಲಿ ನಿಂತರೂ ಒಂದಿಷ್ಟು ಸಿಗುತ್ತವೆ. ಅವು ಹೊಟ್ಟೆ ಹೊರೆಯುವ ಬಗೆಯನ್ನು ನೋಡಬೇಕೆಂದಿದ್ದರೆ ಮೊದಲು ಆರಿಸಿಕೊಳ್ಳಬೇಕಾದದ್ದು ನೀರಿನ ಆಳವನ್ನು. ಎಷ್ಟು ಆಳದ ನೀರಿನ ಮುಂದೆ ಕೂರುತ್ತೀರಿ ಎಂಬುದು ಗೊತ್ತಾದರೆ ಯಾವ ಹಕ್ಕಿ ಸಿಗುತ್ತದೆ, ಯಾವ ಹೊತ್ತಿಗೆ ಹೋಗಬೇಕು, ಎಷ್ಟು ದೂರದಲ್ಲಿರಬೇಕು, ಕೈಯಲ್ಲಿ ಏನಿರಬೇಕು ಎಂಬುದೆಲ್ಲ ಅದರ ಹಿಂದೆಯೇ ಬರುತ್ತದೆ.

1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವು, ಇಳಿತದ ವೇಳೆಯಲ್ಲಿ ಆರು ಮೀಟರ್ ಮೀರದ ಕಡಲ ನೀರನ್ನೂ ಜೌಗುಭೂಮಿಯ ವ್ಯಾಪ್ತಿಗೆ ಸೇರಿಸಿದೆ. ಆದರೆ ದಡದಲ್ಲಿ ಕೂತು ನೋಡುವವರಿಗೆ ಬೇಕಾದ ಚಟುವಟಿಕೆಯ ಬಹುಪಾಲು ನಡೆಯುವುದು ಮೊದಲ ಅರ್ಧ ಮೀಟರಿನೊಳಗೆ. ಆ ಅರ್ಧ ಮೀಟರಿನಲ್ಲೂ ಒಂದೊಂದು ಪಟ್ಟಿಗೆ ಒಂದೊಂದು ಬಳಗ. ನೀರು ಈಗಷ್ಟೇ ಸರಿದುಹೋದ ಒದ್ದೆ ಕೆಸರಿನಲ್ಲಿ ಪ್ಲವರ್, ಸ್ಟಿಂಟ್ ಎಂಬ ಪುಟ್ಟ ಹಕ್ಕಿಗಳು, ಗದ್ದೆಗೊರವಗಳು. ನಾಲ್ಕು ಬೆರಳಿನಿಂದ ಒಂದು ಗೇಣಿನವರೆಗಿನ ನೀರಿನಲ್ಲಿ ಮೆಟ್ಟುಗಾಲು ಹಕ್ಕಿ, ಉದ್ದ ಕೊಕ್ಕಿನ ಗಾಡ್ವಿಟ್ ಮತ್ತು ಆವೊಸೆಟ್, ಸಣ್ಣ ಬೆಳ್ಳಕ್ಕಿ. ಅದಕ್ಕೂ ತುಸು ಮುಂದೆ ದೊಡ್ಡ ಬಕಗಳು, ಕೊಕ್ಕರೆಗಳು, ಚಮಚದ ಕೊಕ್ಕಿನ ಹಕ್ಕಿ. ಇವುಗಳ ನಡುವೆಯೇ, ನೀರು ಗೇಣು ಮುಟ್ಟುವಲ್ಲಿಂದ ಮೊಳದ ತನಕ, ತಲೆಯನ್ನು ಮಾತ್ರ ಮುಳುಗಿಸಿ ಮೇಯುವ ಬಾತುಗಳು. ನೆಲ ಕಾಣದಷ್ಟು ಆಳವಾದಲ್ಲಿ ಪೂರ್ತಿ ಮುಳುಗುವ ಬಾತುಗಳು, ನಾಮದ ಕೋಳಿ, ಗುಳುಮುಳುಕ. ಹಕ್ಕಿಯ ಕಾಲು, ಕುತ್ತಿಗೆ, ಕೊಕ್ಕು ಇವುಗಳ ಉದ್ದವೇ ಈ ಹಂಚಿಕೆಯನ್ನು ಮಾಡಿಟ್ಟಿದೆ. ದೇಹದ ಗಾತ್ರಕ್ಕೆ ಹೋಲಿಸಿದರೆ ಫ್ಲೆಮಿಂಗೊಗಳನ್ನು ಬಿಟ್ಟು ಮೆಟ್ಟುಗಾಲು ಹಕ್ಕಿಯಷ್ಟು ಉದ್ದ ಕಾಲಿನ ಹಕ್ಕಿ ಇನ್ನೊಂದಿಲ್ಲ. ಆ ಕಾಲುಗಳಿಂದಾಗಿಯೇ ಸ್ಟಿಂಟ್‌ಗಳು ತಲುಪಲಾರದ ನೀರಿಗೆ ಅದು ಹಾಯಾಗಿ ಇಳಿಯುತ್ತದೆ.

ಆದ್ದರಿಂದ ನಿಜವಾದ ಆಯ್ಕೆ ಹೀಗಿದೆ: ಗೊರವಗಳಂತೆ ಕೆಸರಂಚಿನಲ್ಲಿ ನಡೆದಾಡುವ ಹಕ್ಕಿಗಳನ್ನು ನೋಡುತ್ತೀರೋ, ತೇಲಾಡುವ ಬಾತುಗಳನ್ನು ನೋಡುತ್ತೀರೋ? ಎರಡನ್ನೂ ಒಂದೇ ಕೂರಿಕೆಯಲ್ಲಿ ನೋಡಲು ಸಾಧ್ಯವಿದೆ. ಅದಕ್ಕೆ ಎಲ್ಲಿ ಕೂರಬೇಕೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಎರಡು ಬಳಗಗಳನ್ನು ಬೇರೆ ಬೇರೆಯಾಗಿ ನೋಡೋಣ, ಏಕೆಂದರೆ ಇವು ನೋಡುವವರಿಂದ ಬಯಸುವ ತಾಳ್ಮೆಯೇ ಬೇರೆ ಬೇರೆ.

ಕೆಸರಂಚಿನವು: ಕಣ್ಣಿಂದ ಹುಡುಕುವವು, ಕೊಕ್ಕಿಂದ ತಡಕುವವು

ಕೆಸರಿನ ಮೇಲೆ ಓಡಾಡುವ ಪುಟ್ಟ ಹಕ್ಕಿಗಳೆಲ್ಲ ಮೊದಲ ನೋಟಕ್ಕೆ ಒಂದೇ ಎನಿಸುತ್ತವೆ. ಬಣ್ಣ ನೋಡಿ ಗುರುತಿಸಲು ಹೋದರೆ ಹೊಸಬರು ಸೋತು ಮನೆಗೆ ಮರಳುತ್ತಾರೆ. ಮೇಯುವ ರೀತಿಯನ್ನು ನೋಡಿದರೆ ಐದು ನಿಮಿಷದಲ್ಲಿ ಅವು ಎರಡು ಗುಂಪಾಗಿ ಒಡೆದುಕೊಳ್ಳುತ್ತವೆ. ಪ್ಲವರ್‌ಗಳು ಮತ್ತು ಅವುಗಳ ಹತ್ತಿರದ ಬಂಧುವಾದ ಟಿಟ್ಟಿಭ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತವೆ, ನೋಡುತ್ತವೆ, ಬಾಗಿ ಒಮ್ಮೆ ಕುಟುಕುತ್ತವೆ, ಮತ್ತೆ ಓಡುತ್ತವೆ. ಅವುಗಳ ಕಣ್ಣು ದೊಡ್ಡದು, ಕೊಕ್ಕು ಗಿಡ್ಡ. ಕೆಸರಿನ ಮೇಲ್ಮೈಯಲ್ಲಿ ಒಂದು ಹುಳು ಮಿಸುಕಿದರೂ ಅವು ಹಿಡಿಯುತ್ತವೆ, ಅದಕ್ಕಾಗಿಯೇ ನಿಂತು ನೋಡುವುದು. ಕೆಲವೊಮ್ಮೆ ಒಂದು ಕಾಲನ್ನು ಮುಂದೆ ಚಾಚಿ ಕೆಸರಿನ ಮೇಲೆ ನಡುಗಿಸುವುದನ್ನೂ ಕಾಣಬಹುದು. ಆ ಅದಿರಾಟಕ್ಕೆ ಅಡಗಿದ ಜೀವಿಗಳು ಚಲಿಸಿ ಕಣ್ಣಿಗೆ ಬೀಳುತ್ತವೆ.

ಗದ್ದೆಗೊರವ, ಸ್ಟಿಂಟ್, ಗಾಡ್ವಿಟ್‌ಗಳ ಕುಲದವು ಹಾಗೆ ನಿಲ್ಲುವುದು ಅಪರೂಪ. ತಲೆ ತಗ್ಗಿಸಿಕೊಂಡೇ ನಡೆಯುತ್ತವೆ, ಕೊಕ್ಕನ್ನು ಒಂದೇ ಸಮನೆ ನೆಲಕ್ಕೆ ಇಳಿಸಿ ಎತ್ತುತ್ತಿರುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ಕೊಕ್ಕಿನ ತುದಿಯಲ್ಲಿ ಸ್ಪರ್ಶವನ್ನು ಅರಿಯುವ ಸೂಕ್ಷ್ಮ ಅಂಗಗಳು ಗುಳಿಗಳಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಕೊಕ್ಕಿನ ಬುಡವನ್ನು ಮುಚ್ಚಿಟ್ಟು ಮೇಲ್ಕೊಕ್ಕಿನ ತುದಿಯನ್ನು ಮಾತ್ರ ಚಿಮಟದಂತೆ ಎತ್ತಿ ಹಿಡಿಯಬಲ್ಲ ಶಕ್ತಿಯೂ ಇವುಗಳಿಗಿದೆ. ಕೆಸರಿನೊಳಗೆ ಕೊಕ್ಕು ಪೂರ್ತಿ ಹೂತಿರುವಾಗ ಹುಳುವನ್ನು ಹಿಡಿದೆಳೆಯಲು ಬೇರೆ ದಾರಿಯೂ ಇಲ್ಲ. ನಾಟ್ ಎಂಬ ಕಡಲಂಚಿನ ಹಕ್ಕಿ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಒದ್ದೆ ಮರಳಿಗೆ ಕೊಕ್ಕು ಚುಚ್ಚಿದಾಗ ಮರಳಿನ ಕಣಗಳ ನಡುವಿನ ನೀರಿನಲ್ಲಿ ಏಳುವ ಒತ್ತಡವು ಗಟ್ಟಿ ಚಿಪ್ಪೊಂದು ಎದುರಾದರೆ ಬದಲಾಗುತ್ತದೆ. ಆ ಬದಲಾವಣೆಯಿಂದಲೇ ಅದು ಕೊಕ್ಕಿಗೆ ತಾಗದ ಚಿಪ್ಪುಜೀವಿಯನ್ನೂ ಪತ್ತೆ ಹಚ್ಚುತ್ತದೆ ಎಂದು ನೆದರ್ಲೆಂಡ್ಸಿನ ಸಂಶೋಧಕರು 1998ರಲ್ಲಿ ತೋರಿಸಿಕೊಟ್ಟರು. ಇದನ್ನು ತಿಳಿದ ಮೇಲೆ ಕೆಸರಿನಲ್ಲಿ ಕುಕ್ಕುತ್ತಿರುವ ಸಣ್ಣ ಹಕ್ಕಿಯೊಂದನ್ನು ನಾನು ಮೊದಲಿನಂತೆ ನೋಡಲಾರದವನಾಗಿದ್ದೇನೆ.

ಇದೇ ಭೇದ ದೊಡ್ಡ ಹಕ್ಕಿಗಳಲ್ಲೂ ಇದೆ. ಬಕಗಳು ಕಣ್ಣನ್ನು ನಂಬಿದವು. ಬೂದು ಬಕ ಎಷ್ಟೋ ಹೊತ್ತು ಕದಲದೆ ನಿಂತು ಒಂದೇ ಒಂದು ಸಲ ಕುತ್ತಿಗೆ ಬೀಸುತ್ತದೆ. ನೀರಿನೊಳಗಿನ ಮೀನು ತಾನಿರುವ ಜಾಗಕ್ಕಿಂತ ಮೇಲೆ ಇದ್ದಂತೆ ಕಾಣುತ್ತದಲ್ಲ, ಬೆಳಕಿನ ಆ ವಕ್ರೀಭವನವನ್ನು ಸರಿತೂಗಿಸಿಕೊಂಡೇ ಅದರ ಏಟು ಬೀಳಬೇಕು. ಸಣ್ಣ ಬೆಳ್ಳಕ್ಕಿಗೆ ಅಷ್ಟು ಕಾಯುವ ಸ್ವಭಾವವಿಲ್ಲ. ಕಪ್ಪು ಕಾಲಿನ ತುದಿಯಲ್ಲಿರುವ ಹಳದಿ ಪಾದವನ್ನು ನೀರಿನಡಿಯಲ್ಲಿ ಕಲಕಿ ಮೀನು, ಸೀಗಡಿಗಳನ್ನು ಎಬ್ಬಿಸುತ್ತದೆ, ಓಡುತ್ತದೆ, ರೆಕ್ಕೆ ಬಿಚ್ಚುತ್ತದೆ, ತಿರುಗುತ್ತದೆ. ನೋಡುವವರಿಗೆ ಇದಕ್ಕಿಂತ ಉದಾರವಾದ ಹಕ್ಕಿ ಸಿಗುವುದು ಕಷ್ಟ.

ಚಮಚದ ಕೊಕ್ಕಿನ ಹಕ್ಕಿ, ಬಣ್ಣದ ಕೊಕ್ಕರೆ, ಬಾಗಿದ ಕೊಕ್ಕಿನ ಕೆಂಬರಲು ಇವೆಲ್ಲ ಸ್ಪರ್ಶದ ಕಡೆಯವು. ಮೊದಲನೆಯದು ಕೊಕ್ಕನ್ನು ತುಸು ತೆರೆದುಕೊಂಡು ನೀರಿನಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತಾ ಮುಂದೆ ನಡೆಯುತ್ತದೆ. ಒಳಬದಿಗೆ ಏನಾದರೂ ತಗುಲಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಕೊಕ್ಕರೆಗಳು ಹೆಚ್ಚುಕಡಿಮೆ ಇದನ್ನೇ ನಿಧಾನವಾಗಿ ಮಾಡುತ್ತವೆ. ಅಮೆರಿಕ ಖಂಡಗಳ ವುಡ್ ಸ್ಟಾರ್ಕ್ ಎಂಬ ಕೊಕ್ಕರೆಯು ಮೀನು ತಾಗಿದ ಮೇಲೆ ಕೊಕ್ಕು ಮುಚ್ಚಲು ತೆಗೆದುಕೊಳ್ಳುವುದು ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು ಕಾಲವನ್ನು ಮಾತ್ರ. ಕಲಕಿದ, ಬಗ್ಗಡವಾದ ನೀರಿನಲ್ಲಿ ಬಕಗಳು ಕಡಿಮೆಯಿದ್ದು ಇವು ಹೆಚ್ಚಿದ್ದರೆ ಕಾರಣ ಇದೇ ಇರಬಹುದೇ ಎಂದು ಯೋಚಿಸಿ ನೋಡಿ. ಕಣ್ಣಿಗೆ ತಿಳಿನೀರು ಬೇಕು, ಕೊಕ್ಕಿಗೆ ಬೇಕಿಲ್ಲ. ಇನ್ನು ಬಾಯ್ಕಳಕ ಕೊಕ್ಕರೆಯ ಕಥೆ ಬೇರೆ. ಮುಚ್ಚಿದಾಗಲೂ ನಡುವೆ ಸಂದು ಉಳಿಯುವ ಕೊಕ್ಕಿನಿಂದ ಅದು ಬಸವನಹುಳುವನ್ನು ನೀರಿನಡಿಯಲ್ಲೇ ಹಿಡಿದು, ಕೆಳಕೊಕ್ಕಿನ ಚೂಪು ತುದಿಯಿಂದ ಚಿಪ್ಪಿನೊಳಗಿನ ಸ್ನಾಯುವನ್ನು ಕತ್ತರಿಸಿ ಮಾಂಸವನ್ನು ಹೊರಗೆಳೆಯುತ್ತದೆ. ದಡದಲ್ಲಿ ಒಡೆಯದ ಖಾಲಿ ಚಿಪ್ಪುಗಳು ಸಿಕ್ಕಿದರೆ ಅಲ್ಲಿ ಅದು ಊಟ ಮಾಡಿಹೋಗಿರುವ ಸಾಧ್ಯತೆಯಿದೆ.

ಬಾತುಗಳು: ಮಗುಚುವವು, ಸೋಸುವವು, ಮುಳುಗುವವು

ಬಾತುಗಳನ್ನು ಆರಿಸಿಕೊಳ್ಳುವವರು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಅನೇಕ ಬಾತುಗಳು, ಅದರಲ್ಲೂ ಚಳಿಗಾಲದ ನೆಲೆಗಳಲ್ಲಿ, ಹಗಲಿಡೀ ಗುಂಪುಗಟ್ಟಿ ವಿರಮಿಸಿ ಕತ್ತಲಾದ ಮೇಲೆ ಮೇಯಲು ಹೋಗುತ್ತವೆ. ನಡು ಹಗಲಿನಲ್ಲಿ ಹೋಗಿ ಸಾವಿರ ಬಾತುಗಳನ್ನು ಕಂಡರೂ ಬೆನ್ನಿನ ಗರಿಗಳಲ್ಲಿ ಹುದುಗಿಸಿದ ಸಾವಿರ ಕೊಕ್ಕುಗಳನ್ನಷ್ಟೇ ಕಂಡಂತಾದೀತು. ಎಣಿಸುವವರಿಗೆ ಅದು ಒಳ್ಳೆಯದು, ಮೇಯುವುದನ್ನು ನೋಡಲು ಬಂದವರಿಗೆ ಬೇಸರ. ಬೆಳಗಿನ ಮೊದಲ ಬೆಳಕು ಮತ್ತು ಸಂಜೆಯ ಕೊನೆಯ ಬೆಳಕು ಬಾತುಗಳಿಗೆ ಬೇಕೇ ಬೇಕು.

ಮೇಲ್ಮೈಯಲ್ಲಿ ಮೇಯುವ ಬಾತುಗಳಲ್ಲಿ ಕುತ್ತಿಗೆಯ ಉದ್ದವನ್ನು ಹೋಲಿಸಿ ನೋಡುವುದು ನನಗೆ ಬಹಳ ಇಷ್ಟದ ಕೆಲಸ. ಬಾಲ ಮೇಲೆ, ತಲೆ ಕೆಳಗೆ ಮಾಡಿ ಮಗುಚಿದಾಗ ಸೂಜಿಬಾಲದ ಬಾತಿನ ನೀಳ ಕುತ್ತಿಗೆ ಟೀಲ್ ಎಂಬ ಪುಟ್ಟ ಬಾತು ಎಂದೂ ಮುಟ್ಟಲಾರದ ತಳವನ್ನು ಮುಟ್ಟುತ್ತದೆ. ಹಾಗಾಗಿ ಎರಡೂ ಒಂದೇ ನೀರಿನಲ್ಲಿದ್ದರೂ ಟೀಲ್ ಅಂಚಿಗೆ ಹತ್ತಿರ, ಸೂಜಿಬಾಲ ಒಳಗೆ. ತಳ ಎಷ್ಟು ಆಳದಲ್ಲಿದೆ ಎಂಬುದನ್ನು ನೀರಿಗಿಳಿಯದೆ ತಿಳಿಯಬೇಕಾದರೆ ಯಾವ ಬಾತು ಎಲ್ಲಿ ಮಗುಚುತ್ತಿದೆ ಎಂದು ನೋಡಿದರೆ ಸಾಕು.

ಷವಲರ್ ಬಾತು ಮಗುಚುವುದು ಕಡಿಮೆ. ಸಲಿಕೆಯಾಕಾರದ ಅದರ ಅಗಲ ಕೊಕ್ಕಿನ ಅಂಚಿನಲ್ಲಿ ನೂರಕ್ಕೂ ಹೆಚ್ಚು ಸೂಕ್ಷ್ಮ ಹಲ್ಲುಗಳ ಸಾಲಿದೆ. ಒಳಗೆ ತೆಗೆದುಕೊಂಡ ನೀರನ್ನು ಆ ಸಾಲಿನ ಮೂಲಕ ಹೊರದೂಡಿ ಸಣ್ಣ ಜೀವಿಗಳನ್ನೂ ಬೀಜಗಳನ್ನೂ ಉಳಿಸಿಕೊಳ್ಳುತ್ತದೆ. ಹಲವು ಷವಲರ್‌ಗಳು ಒಂದರ ಹಿಂದೆ ಒಂದು ಸುತ್ತು ಹೊಡೆಯುತ್ತಾ ಮೇಯುವುದನ್ನು ನೋಡುವ ಅವಕಾಶ ಸಿಕ್ಕಿದರೆ ಬಿಡಬೇಡಿ. ಮುಂದಿನದು ಕಲಕಿದ ನೀರಿನಲ್ಲಿ ಮೇಲೆದ್ದದ್ದನ್ನು ಹಿಂದಿನದು ಸೋಸಿಕೊಳ್ಳುತ್ತದೆ. ಫ್ಲೆಮಿಂಗೊಗಳೂ ಸೋಸುವವೇ, ಆದರೆ ತಲೆಯನ್ನು ತಲೆಕೆಳಗಾಗಿ ನೀರಿಗಿಳಿಸಿ, ದಪ್ಪ ನಾಲಿಗೆಯನ್ನು ಹಿಂದೆ ಮುಂದೆ ಆಡಿಸಿ ನೀರನ್ನು ಒಳಕ್ಕೆಳೆದು ಹೊರಕ್ಕೆ ತಳ್ಳುತ್ತವೆ. ಕೊಕ್ಕಿನ ರಚನೆಯಲ್ಲಿ ದೂರದವಾದ ಈ ಎರಡು ಹಕ್ಕಿಗಳು ಒಂದೇ ಉಪಾಯಕ್ಕೆ ಬಂದು ನಿಂತಿರುವುದು ಸಣ್ಣ ಸೋಜಿಗವಲ್ಲ.

ವಿಜನ್ ಬಾತಿನದು ಮತ್ತೊಂದು ದಾರಿ. ಅದು ದಡಕ್ಕೆ ಬಂದು ಹುಲ್ಲು ಮೇಯುತ್ತದೆ. ಹುಲ್ಲನ್ನು ನೋಡಿ ಕೀಳಬೇಕಾದ್ದರಿಂದ ಅದರ ಕಣ್ಣುಗಳ ನೋಟ ಕೊಕ್ಕಿನ ತುದಿಯ ಕಡೆಗಿದೆ, ತಲೆಯ ಹಿಂಬದಿಯಲ್ಲಿ ಒಂದಿಷ್ಟು ಜಾಗ ಅದಕ್ಕೆ ಕಾಣುವುದೇ ಇಲ್ಲ. ಷವಲರ್ ಸ್ಪರ್ಶದಿಂದ ಸೋಸುವುದರಿಂದ ಅದಕ್ಕೆ ಕೊಕ್ಕನ್ನು ನೋಡುವ ಅಗತ್ಯವಿಲ್ಲ, ತಲೆಯ ಸುತ್ತಲೂ ಕಾಣುತ್ತದೆ. ಪರಿಣಾಮವಾಗಿ ವಿಜನ್ ಪದೇ ಪದೇ ತಲೆಯೆತ್ತಿ ಸುತ್ತ ನೋಡುತ್ತದೆ, ಷವಲರ್ ಅಷ್ಟಾಗಿ ನೋಡುವುದಿಲ್ಲ. ಎರಡೂ ಎದುರಿಗಿದ್ದಾಗ ಹೋಲಿಸಿ ನೋಡಬಹುದಾದ ವ್ಯತ್ಯಾಸವಿದು. ನಾಮದ ಕೋಳಿ ತಳದಿಂದ ಕಿತ್ತು ತಂದ ನೀರುಗಿಡವನ್ನು ವಿಜನ್ ಪಕ್ಕದಲ್ಲೇ ಕಾದಿದ್ದು ಕಸಿದುಕೊಳ್ಳುವುದೂ ಉಂಟು.

ಪೂರ್ತಿ ಮುಳುಗುವ ಪೋಚಾರ್ಡ್‌ನಂಥ ಬಾತುಗಳನ್ನು ಮೇಯುವಾಟ ನೋಡಲು ಬಂದವರಿಗೆ ನಾನು ಶಿಫಾರಸು ಮಾಡುವುದಿಲ್ಲ. ಅವುಗಳ ಊಟವೆಲ್ಲ ನೀರಿನಡಿಯಲ್ಲಿ ಮುಗಿದುಹೋಗುತ್ತದೆ, ನಮಗೆ ಕಾಣುವುದು ಮುಳುಗುವುದು ಮತ್ತು ಏಳುವುದು. ಗುಳುಮುಳುಕ ಮಾತ್ರ ಈ ಮಾತಿಗೆ ಹೊರತು, ಹಿಡಿದ ಮೀನನ್ನು ಆಗಾಗ ಮೇಲೆ ತಂದು ನುಂಗುತ್ತದೆ. ಬಾತು ಯಾವ ಬಗೆಯದೆಂದು ಅನುಮಾನವಾದರೆ ಅದು ಹಾರುವವರೆಗೆ ಕಾಯಿರಿ. ಮೇಲ್ಮೈಯಲ್ಲಿ ಮೇಯುವುದು ನಿಂತಲ್ಲಿಂದಲೇ ನೆಟ್ಟಗೆ ಮೇಲೆ ಚಿಮ್ಮುತ್ತದೆ, ಮುಳುಗುವುದು ನೀರಿನ ಮೇಲೆ ಉದ್ದಕ್ಕೆ ಓಡಿ ಆಮೇಲೆ ಏಳುತ್ತದೆ.

ಯಾವುದನ್ನು ಆರಿಸಿಕೊಳ್ಳಬೇಕು?

ಒಂದೇ ಬಳಗವನ್ನು ಆರಿಸಬೇಕಾದರೆ, ಮೇಯುವ ಬಗೆ ನೋಡಲು ನನ್ನ ಮತ ಕೆಸರಂಚಿನ ಹಕ್ಕಿಗಳಿಗೆ. ಹಗಲಿನ ಹೆಚ್ಚು ಹೊತ್ತು ಅವು ಕೆಲಸದಲ್ಲಿರುತ್ತವೆ, ಏನು ಹಿಡಿದವು ಎಂಬುದು ಹಲವು ಸಲ ಕಾಣುತ್ತದೆ, ಹತ್ತು ಮೀಟರ್ ಕೆಸರಿನಲ್ಲಿ ನಾಲ್ಕೈದು ವಿಧಾನಗಳನ್ನು ಅಕ್ಕಪಕ್ಕದಲ್ಲಿ ನೋಡಬಹುದು. ಹೆಸರು ಹಚ್ಚುವುದು ಇಲ್ಲಿ ಕಷ್ಟ ಎಂಬುದು ನಿಜ. ಆದರೆ ಗಾತ್ರ, ಕೊಕ್ಕಿನ ಉದ್ದ, ನಡಿಗೆ ಇಷ್ಟನ್ನು ಗಮನಿಸಿದವರಿಗೆ ಹೆಸರು ನಿಧಾನವಾಗಿ ತಾನೇ ಬರುತ್ತದೆ.

ಬಾತುಗಳನ್ನು ನಾನು ಹೇಳುವುದು ಮೂರು ಬಗೆಯವರಿಗೆ. ಮಕ್ಕಳನ್ನು ಕರೆತರುವವರಿಗೆ, ಏಕೆಂದರೆ ಬಣ್ಣ ಸ್ಪಷ್ಟ, ಗಾತ್ರ ದೊಡ್ಡದು, ಮಗುಚಾಟ ಬರಿಗಣ್ಣಿಗೂ ಕಾಣುತ್ತದೆ. ಕಣ್ಣಿನ ದೃಷ್ಟಿ ಅಷ್ಟು ಚುರುಕಿಲ್ಲದವರಿಗೆ. ಹಾಗೂ ಬೆಳಗಿನ ಜಾವವೇ ನೀರಿನ ಬಳಿ ತಲುಪಬಲ್ಲವರಿಗೆ. ಗಂಡು ಬಾತುಗಳು ಸಂತಾನದ ಕಾಲ ಮುಗಿದ ಮೇಲೆ ಕೆಲವು ವಾರ ಹೆಣ್ಣಿನಂಥ ಮಂಕು ಗರಿ ತೊಡುತ್ತವೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಗೊಂದಲ ತಪ್ಪುತ್ತದೆ.

ಎರಡೂ ಬೇಕೆನ್ನುವವರು ಗೇಣು ಆಳದ ನೀರನ್ನು ಹುಡುಕಬೇಕು. ನನ್ನ ಅನುಭವದಲ್ಲಿ ಇಡೀ ಜೌಗಿನ ಅತ್ಯುತ್ತಮ ಆಸನ ಇದೇ. ಮೆಟ್ಟುಗಾಲು ಹಕ್ಕಿಯ ಮೊಣಕಾಲು ಮುಳುಗುವ, ಟೀಲ್ ಅಥವಾ ಷವಲರ್ ಕುತ್ತಿಗೆ ಚಾಚಿದರೆ ತಳ ಸಿಗುವ, ದಡದ ಕಡೆಗೆ ಒದ್ದೆ ಕೆಸರಾಗಿ ಇಳಿಜಾರುವ ಜಾಗ. ಅಂಥಲ್ಲಿ ನಡೆಯುವವೂ ತೇಲುವವೂ ಒಂದೇ ಚೌಕಟ್ಟಿನೊಳಗೆ ಬರುತ್ತವೆ. ಕಡಿದಾದ ದಂಡೆಯ, ಕಲ್ಲು ಕಟ್ಟಿದ ಅಂಚಿನ, ಏಕಾಏಕಿ ಆಳವಾಗುವ ಜಲಾಶಯಗಳಲ್ಲಿ ನೀರು ಎಷ್ಟು ಸುಂದರವಾಗಿದ್ದರೂ ಈ ನೋಟ ಸಿಗದು. ಮರಿ ಮೀನುಗಳೂ ನೀರುಹುಳಗಳೂ ಒತ್ತೊತ್ತಾಗಿರುವುದು ನೀರು ಇಳಿಯುತ್ತಾ ತೆಳುವಾಗುತ್ತಿರುವ ಕಡೆ. ಹಾಗಾಗಿ ತುಂಬಿ ತುಳುಕುವ ಕಾಲಕ್ಕಿಂತ ನೀರು ಬತ್ತತೊಡಗಿದ ಕಾಲವನ್ನು ಆರಿಸಿಕೊಳ್ಳಿ. ತುಂಬಿದ ಕೆರೆ ನೋಡಲು ಚೆಂದ, ಉದ್ದಗಾಲಿನ ಹಕ್ಕಿಗೆ ಅಲ್ಲಿ ಕಾಲೂರಲು ನೆಲವೇ ಇರುವುದಿಲ್ಲ.

ಒಳನಾಡಿನ ನೀರೋ, ಕಡಲಂಚಿನ ಕೆಸರೋ

ಒಳನಾಡಿನಲ್ಲಿ ಹೊತ್ತನ್ನು ಸೂರ್ಯ ನಿರ್ಧರಿಸುತ್ತಾನೆ, ಕಡಲಂಚಿನಲ್ಲಿ ಚಂದ್ರ. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದರೆ ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಲ್ಲಿನ ಗೊರವಗಳಿಗೆ ಬೆಳಗು, ಸಂಜೆಗಿಂತ ಇಳಿತವೇ ಮುಖ್ಯ. ಕೆಸರು ತೆರೆದಾಗ ಹಗಲಿರಲಿ, ಇರುಳಿರಲಿ ಮೇಯುತ್ತವೆ. ಪೂರ್ತಿ ಇಳಿತದ ಹೊತ್ತಿಗೆ ಹೋಗುವವರು ಹಕ್ಕಿಗಳು ಕಿಲೋಮೀಟರಿನಾಚೆ ಚುಕ್ಕೆಗಳಾಗಿ ಚದುರಿರುವುದನ್ನು ಕಾಣುತ್ತಾರೆ. ಉಬ್ಬರದ ತುದಿಯಲ್ಲಿ ಹೋಗುವವರು ಅವು ಎತ್ತರದ ಜಾಗದಲ್ಲಿ ಒತ್ತಿಕೊಂಡು ನಿದ್ದೆ ಮಾಡುವುದನ್ನು ಕಾಣುತ್ತಾರೆ. ನಡುವಿನ ಹೊತ್ತು, ಅದರಲ್ಲೂ ನೀರು ಏರುತ್ತಾ ಬಂದು ಹಕ್ಕಿಗಳನ್ನು ನಿಮ್ಮತ್ತ ತಳ್ಳುವ ಒಂದೆರಡು ಗಂಟೆ, ಎಲ್ಲಕ್ಕಿಂತ ಒಳ್ಳೆಯದು. ಉಬ್ಬರವಿಳಿತದ ಕೋಷ್ಟಕವನ್ನು ನೋಡದೆ ಕಡಲಂಚಿಗೆ ಹೋಗಬೇಡಿ, ಹಕ್ಕಿಗಾಗಿ ಮಾತ್ರವಲ್ಲ, ಕೆಸರು ಬಯಲಿನಲ್ಲಿ ನೀರು ಹಿಂದಿನಿಂದ ಸುತ್ತುವರಿಯುವ ಅಪಾಯ ನಿಜವಾದದ್ದು.

ಆಯ್ಸ್ಟರ್‌ಕ್ಯಾಚರ್ ಎಂಬ ಕೆಂಪು ಕೊಕ್ಕಿನ ಹಕ್ಕಿ ಇರುವ ತೀರವಾದರೆ ಕಡಲಂಚನ್ನೇ ಆರಿಸಿ. ಅವುಗಳಲ್ಲಿ ಕೆಲವು ಚಿಪ್ಪನ್ನು ಕುಟ್ಟಿ ಒಡೆಯುತ್ತವೆ, ಕೆಲವು ಸಂದಿನಲ್ಲಿ ಕೊಕ್ಕು ತೂರಿಸಿ ಬಿಡಿಸುತ್ತವೆ. ಬಳಸುವ ರೀತಿಗೆ ತಕ್ಕಂತೆ ಕೊಕ್ಕಿನ ತುದಿಯೂ ಮೊಂಡಾಗಿಯೋ ತೆಳುವಾಗಿಯೋ ಸವೆದಿರುತ್ತದೆ. ಒಂದೇ ಜಾತಿಯೊಳಗಿನ ಈ ಭೇದವನ್ನು ಒಳ್ಳೆಯ ಬೆಳಕಿನಲ್ಲಿ ಕಣ್ಣಾರೆ ಕಾಣಬಹುದು. ಹೊಸಬರಿಗೆ ಹೆಚ್ಚು ಸುಲಭವಾದದ್ದು ಒಳನಾಡಿನ ಸಣ್ಣ ನೀರು. ದೂರ ಕಡಿಮೆ, ಹಕ್ಕಿ ಇದ್ದಲ್ಲೇ ಇರುತ್ತದೆ, ಕೋಷ್ಟಕದ ಗೊಡವೆ ಇಲ್ಲ.

ಕೂರುವ ಜಾಗ

ತೆರೆದ ದಂಡೆ, ಕಿಂಡಿಗಳಿರುವ ಮರೆ, ವೀಕ್ಷಣಾ ಗೋಪುರ, ನಿಲ್ಲಿಸಿದ ಕಾರು, ದೋಣಿ. ಇವುಗಳಲ್ಲಿ ಮೇಯುವುದನ್ನು ನೋಡಲು ದೋಣಿಗೆ ನಾನು ಕೊನೆಯ ಸ್ಥಾನ ಕೊಡುತ್ತೇನೆ. ತೆಳುನೀರಿಗೆ ಅದು ಬರಲಾರದು, ಬಂದಲ್ಲೆಲ್ಲ ಹಕ್ಕಿಗಳನ್ನು ಎಬ್ಬಿಸುತ್ತದೆ. ಗೋಪುರದಿಂದ ಇಡೀ ನೀರಿನ ನಕ್ಷೆ ಕಾಣುತ್ತದೆ, ಎಲ್ಲಿ ಯಾರಿದ್ದಾರೆಂದು ತಿಳಿಯಲು ಒಳ್ಳೆಯದು. ಆದರೆ ಮೇಲಿಂದ ನೋಡಿದಾಗ ಕೊಕ್ಕು ನೀರಿಗೆ ಸೇರುವ ಜಾಗ ಹಕ್ಕಿಯ ಬೆನ್ನಿನ ಹಿಂದೆ ಮರೆಯಾಗುತ್ತದೆ. ನಿಲ್ಲಿಸಿದ ಕಾರು ಆಶ್ಚರ್ಯವೆನಿಸುವಷ್ಟು ಒಳ್ಳೆಯ ಮರೆ. ಮನುಷ್ಯನ ನಿಂತ ಆಕಾರಕ್ಕೆ ಹೆದರುವ ಹಕ್ಕಿಗಳು ಕಾರಿನ ಪಕ್ಕದಲ್ಲೇ ಮೇಯುತ್ತವೆ, ಬಾಗಿಲು ತೆರೆಯದಿದ್ದರೆ ಸಾಕು.

ಮರೆ ಮತ್ತು ತೆರೆದ ದಂಡೆ ಇವೆರಡರಲ್ಲಿ ಆರಿಸುವಾಗ ಬೆಳಕನ್ನು ನೋಡಿ. ಸೂರ್ಯ ಬೆನ್ನಿಗಿರಬೇಕು. ಎಷ್ಟೇ ಚೆನ್ನಾಗಿ ಕಟ್ಟಿದ ಮರೆಯಾದರೂ ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿದ್ದರೆ ಹಕ್ಕಿಗಳೆಲ್ಲ ಕಪ್ಪು ಆಕೃತಿಗಳಾಗುತ್ತವೆ, ಕೊಕ್ಕಿನಲ್ಲಿ ಏನಿದೆ ಎಂದು ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಪೂರ್ವ ದಂಡೆಯ ಮೇಲೆ ನೆಲಕ್ಕೆ ತಗ್ಗಿ ಕೂತವರೇ ಹೆಚ್ಚು ನೋಡುತ್ತಾರೆ. ತಗ್ಗಿ ಕೂರುವುದರಿಂದ ನಮ್ಮ ಆಕಾರ ಆಕಾಶದ ಎದುರು ಎದ್ದು ಕಾಣುವುದಿಲ್ಲ, ನೋಟವೂ ಹಕ್ಕಿಯ ಎತ್ತರಕ್ಕೇ ಬರುತ್ತದೆ. ಗಾಳಿ ಬಲವಾಗಿದ್ದರೆ ಬಾತುಗಳು ಗಾಳಿ ತಾಗದ ದಡಕ್ಕೆ, ಜೊಂಡಿನ ಆಸರೆಗೆ ಸೇರಿಕೊಳ್ಳುತ್ತವೆ. ನೀವು ಆ ದಡವನ್ನು ಕಾಣುವ ಕಡೆ ಕೂರಬೇಕು, ಅದೇ ದಡದ ಮೇಲಲ್ಲ.

ಸಲಕರಣೆ

8×42 ಎಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿಲಿಮೀಟರ್ ಇರುವ ಬೈನಾಕ್ಯುಲರ್. 42ನ್ನು ಎಂಟರಿಂದ ಭಾಗಿಸಿದರೆ ಬರುವ 5.25 ಮಿಲಿಮೀಟರ್, ಕಣ್ಣಿಗೆ ತಲುಪುವ ಬೆಳಕಿನ ಕಂಡಿಯ ಅಗಲ. 10×42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ. ಮಸುಕು ಬೆಳಕಿನಲ್ಲಿ ಬಾತುಗಳನ್ನು ನೋಡುವವರಿಗೆ ಈ ಒಂದು ಮಿಲಿಮೀಟರಿನ ವ್ಯತ್ಯಾಸ ತಿಳಿಯುತ್ತದೆ. ಕಾಣುವ ಅಗಲವೂ ಹಾಗೆಯೇ: ಸಾವಿರ ಮೀಟರ್ ದೂರದಲ್ಲಿ ಎಂಟು ಪಟ್ಟಿನದು ಸುಮಾರು 130 ಮೀಟರ್ ತೋರಿಸಿದರೆ ಹತ್ತು ಪಟ್ಟಿನದು 110ರ ಆಸುಪಾಸು. ಓಡುವ ಪ್ಲವರನ್ನು ಬೆನ್ನಟ್ಟಲು ಅಗಲವೇ ಬೇಕು. ಒಂದನ್ನೇ ಕೊಳ್ಳುವವರಿಗೆ ನಾನು ಎಂಟು ಪಟ್ಟಿನದನ್ನೇ ಹೇಳುತ್ತೇನೆ, ಕೈ ನಡುಗುವುದೂ ಅದರಲ್ಲಿ ಕಡಿಮೆ ಕಾಣುತ್ತದೆ.

ಕೆಸರು ಬಯಲು ಅಗಲವಾಗಿದ್ದರೆ ಬೈನಾಕ್ಯುಲರ್ ಸಾಲದು. ಮುಕ್ಕಾಲಿಯ ಮೇಲೆ ನಿಲ್ಲಿಸುವ ಸ್ಪಾಟಿಂಗ್ ಸ್ಕೋಪ್ ಬೇಕು. ಅದರಲ್ಲಿ ಸಾಮಾನ್ಯವಾಗಿ 20ರಿಂದ 60 ಪಟ್ಟಿನವರೆಗೆ ಹಿಗ್ಗಿಸಬಹುದಾದರೂ ಬಿಸಿಲೇರಿದ ಮೇಲೆ ನೆಲದಿಂದೇಳುವ ಬಿಸಿಗಾಳಿ ಚಿತ್ರವನ್ನು ಕುಣಿಸುತ್ತದೆ, ಆಗ 60 ಪಟ್ಟು ಉಪಯೋಗಕ್ಕೆ ಬಾರದು. 25, 30ರಲ್ಲಿಟ್ಟು ಒಂದೇ ಹಕ್ಕಿಯನ್ನು ಹತ್ತು ನಿಮಿಷ ಬಿಡದೆ ನೋಡಿ. ನೋಡುಗಣ್ಣು ಓರೆಯಾಗಿ ಮೇಲೆ ತಿರುಗಿರುವ ಸ್ಕೋಪ್ ತಗ್ಗಿ ಕೂತವರಿಗೂ ಎತ್ತರ ಬೇರೆ ಬೇರೆ ಇರುವ ಮನೆಮಂದಿಗೂ ಅನುಕೂಲ. ಕ್ಯಾಮೆರಾ ಬೇಕೇ? ಕ್ಷಣಾರ್ಧದಲ್ಲಿ ಮುಗಿಯುವ ಏಟನ್ನು ಆಮೇಲೆ ನಿಧಾನವಾಗಿ ನೋಡಲು ಅದರ ವಿಡಿಯೊ ಒಳ್ಳೆಯ ಸಹಾಯ. ಚಿತ್ರದ ಆಸೆಗೆ ಹತ್ತಿರ ಹತ್ತಿರ ಸರಿಯತೊಡಗಿದರೆ ಮಾತ್ರ ಅದನ್ನು ಚೀಲದಲ್ಲಿಡುವುದು ಮೇಲು.

ಹತ್ತಿರವೋ, ದೂರವೋ

ಈ ಒಂದು ಆಯ್ಕೆಯಲ್ಲಿ ನನಗೆ ಅನುಮಾನವಿಲ್ಲ: ದೂರ. ಮೇಯುತ್ತಿರುವ ಹಕ್ಕಿಯನ್ನು ಎಬ್ಬಿಸುವುದೆಂದರೆ ಅದರ ಮುಂದಿನ ಪಯಣದ ಬುತ್ತಿಯನ್ನು ಕಸಿಯುವುದು. ದೂರ ವಲಸೆ ಹೋಗುವ ಕೆಲವು ಗೊರವಗಳು ಹೊರಡುವ ಮುನ್ನದ ವಾರಗಳಲ್ಲಿ ತಿಂದು ತಿಂದು ತಮ್ಮ ತೂಕವನ್ನು ಹತ್ತಿರಹತ್ತಿರ ಇಮ್ಮಡಿಯಾಗಿಸಿಕೊಳ್ಳುತ್ತವೆ. 2022ರ ಅಕ್ಟೋಬರಿನಲ್ಲಿ ಉಪಗ್ರಹ ಸಾಧನ ಹೊತ್ತ ಪಟ್ಟೆಬಾಲದ ಗಾಡ್ವಿಟ್ ಮರಿಯೊಂದು ಅಲಾಸ್ಕದಿಂದ ಟಾಸ್ಮೇನಿಯಕ್ಕೆ ಸುಮಾರು 13,560 ಕಿಲೋಮೀಟರ್ ದೂರವನ್ನು ಎಲ್ಲೂ ಇಳಿಯದೆ 11 ದಿನಗಳಲ್ಲಿ ಹಾರಿತು. ಕೆಲವೇ ತಿಂಗಳ ವಯಸ್ಸಿನ ಆ ಹಕ್ಕಿ ದಾರಿಯುದ್ದಕ್ಕೂ ಬದುಕಿದ್ದು ಅಲಾಸ್ಕದ ಕೆಸರಿನಲ್ಲಿ ಹೆಕ್ಕಿ ಕೂಡಿಟ್ಟ ಕೊಬ್ಬಿನ ಮೇಲೆ.

ಎಷ್ಟು ದೂರ ಸರಿ ಎಂಬುದನ್ನು ಮೀಟರಿನಲ್ಲಿ ಹೇಳಲಾಗದು, ಜಾತಿಗೂ ಜಾಗಕ್ಕೂ ತಕ್ಕಂತೆ ಬದಲಾಗುತ್ತದೆ. ಹಕ್ಕಿಯೇ ಹೇಳುತ್ತದೆ. ಕೊಕ್ಕುಗಳು ಇಳಿದೇಳುತ್ತಿದ್ದ ಗುಂಪಿನಲ್ಲಿ ಒಂದೊಂದಾಗಿ ತಲೆಗಳು ಮೇಲೇಳತೊಡಗಿದರೆ, ಬಾತುಗಳು ಮೆಲ್ಲನೆ ಈಜುತ್ತಾ ಒಳನೀರಿಗೆ ಸರಿಯುತ್ತಿದ್ದರೆ, ಟಿಟ್ಟಿಭ ಕೂಗತೊಡಗಿದರೆ ನೀವು ಆಗಲೇ ಹತ್ತಿರ ಬಂದಿದ್ದೀರಿ. ಅಲ್ಲೇ ಕುಳಿತುಬಿಡಿ, ಅಥವಾ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಕೊಕ್ಕುಗಳು ಮತ್ತೆ ನೀರಿಗಿಳಿದ ಮೇಲೆ ಎಣಿಸಲು ಶುರುಮಾಡಿ. ಒಂದು ಪ್ಲವರ್ ನಿಮಿಷಕ್ಕೆ ಎಷ್ಟು ಸಲ ಕುಟುಕಿತು, ಪಕ್ಕದ ಗದ್ದೆಗೊರವ ಎಷ್ಟು ಸಲ, ಅದರಲ್ಲಿ ಎಷ್ಟು ಸಲ ಏನಾದರೂ ಸಿಕ್ಕಿತು, ಟೀಲ್ ತಲೆ ಮುಳುಗಿಸಿದ್ದು ಎಷ್ಟು ಹೊತ್ತು. ಜತೆಗೆ ಗಂಟೆಯನ್ನೂ, ಹಕ್ಕಿಯ ಕಾಲು ಎಲ್ಲಿಯವರೆಗೆ ಮುಳುಗಿತ್ತು ಎಂಬುದನ್ನೂ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ಸಲ ಎಲ್ಲಿ ಕೂರಬೇಕೆಂದು ಬೇರೆಯವರನ್ನು ಕೇಳಬೇಕಾಗುವುದಿಲ್ಲ.